ಸ್ಲೇಟು ಹಿಡಿದು ನಿಂತ ಅಮ್ಮ

ನನ್ನ ಎದೆಯ ಮೇಲೆ ಸದಾ ಒಂದು ಪೆಟ್ಟಿಗೆ ಇರುತ್ತಿತ್ತು. ಬೆಂಕಿಪೊಟ್ಟಣಕ್ಕಿಂತ ದೊಡ್ಡದು, ಸೋಪಿನ ಡಬ್ಬಿಗಿಂತ ಚಿಕ್ಕದು. ಹಳೆಯ ಪರದೆಯ ಬಟ್ಟೆಯಲ್ಲಿ ಅಮ್ಮ ಹೊಲಿದ ಚೀಲದಲ್ಲಿ ಅದು ಕೂತಿರುತ್ತಿತ್ತು. ಅದರಿಂದ ಹೊರಟ ವೈರು ಕತ್ತಿನ ಪಕ್ಕದಲ್ಲಿ ಹತ್ತಿ ಕಿವಿ ಸೇರುತ್ತಿತ್ತು. ಕ್ರಿಕೆಟ್ ಮ್ಯಾಚ್ ಇರುವ ದಿನ ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರೆಲ್ಲ ಅದನ್ನು ರೇಡಿಯೋ ಎಂದುಕೊಂಡು ನನ್ನನ್ನು ಸ್ಕೋರ್ ಕೇಳುತ್ತಿದ್ದರು. ಮೊದಮೊದಲು ಕಕ್ಕಾಬಿಕ್ಕಿಯಾಗುತ್ತಿದ್ದೆ. ಆಮೇಲೆ ಬಾಯಿಗೆ ಬಂದ ಸ್ಕೋರ್ ಹೇಳುವುದನ್ನು ಕಲಿತೆ. ಭಾರತ ಗೆಲ್ಲುವಂಥದ್ದನ್ನೇ ಹೇಳುತ್ತಿದ್ದೆ, ಜನ ಖುಷಿಯಾಗಿ ಬಸ್ಸು ಹತ್ತುತ್ತಿದ್ದರು.

ಎಂಬತ್ತರ ದಶಕದ ಮುಂಬಯಿ ಅದು. ಅಪ್ಪ ಮೈಸೂರಿನಿಂದ ವರ್ಗವಾಗಿ ಬಂದು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ದಾದರಿನ ಒಂದು ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಮನೆ. ಚಿಕ್ಕವಳಿದ್ದಾಗ ಬಂದ ಒಂದು ಜ್ವರ ನನ್ನ ಕಿವಿಯನ್ನು ಬಹುಪಾಲು ತೆಗೆದುಕೊಂಡು ಹೋಗಿತ್ತು. ಆ ಪೆಟ್ಟಿಗೆ, ಅಂದರೆ ನನ್ನ ಹಿಯರಿಂಗ್ ಏಡ್, ಸದ್ದನ್ನೇನೋ ಕೊಡುತ್ತಿತ್ತು, ಮಾತನ್ನು ಕೊಡುತ್ತಿರಲಿಲ್ಲ. ಮಾತಿಗೆ ನಾನು ಎದುರಿನವರ ತುಟಿಯನ್ನೇ ಓದಬೇಕಿತ್ತು. ಬೇರೆ ಊರಿನಲ್ಲಾದರೆ ಅದು ಅಷ್ಟೇನೂ ಕಷ್ಟವಲ್ಲ. ಮುಂಬಯಿಯಲ್ಲಿ ಮಾತ್ರ ಎದುರಿನವರು ಬಾಯಿ ತೆರೆಯುವ ಮೊದಲೇ ಯಾವ ಭಾಷೆ ಬರುತ್ತದೆಂದು ಊಹಿಸಿಕೊಂಡು ತಯಾರಾಗಬೇಕು. ಪಕ್ಕದ ಮನೆಯ ಕಾಕೂ, ಅಂದರೆ ಚಿಕ್ಕಮ್ಮ, ಮರಾಠಿ, ಹಾಲಿನವನು ಹಿಂದಿ, ಟೀಚರು ಇಂಗ್ಲಿಷು. ಹೋಗಲಿ, ಅಮ್ಮನಾದರೂ ಶುದ್ಧ ಕನ್ನಡವೇ ಎಂದರೆ, 'ಪಾಣಿ ಬಂತು ನೋಡು, ಬಾಲ್ದಿ ಇಡು ಜಲ್ದಿ' ಎನ್ನುತ್ತಿದ್ದಳು. ಪಾನ್ ಹಾಕಿಕೊಂಡವರನ್ನೂ ದಪ್ಪ ಮೀಸೆಯವರನ್ನೂ ನಾನು ಪೂರ್ತಿ ಕೈಬಿಟ್ಟಿದ್ದೆ.

ನನ್ನ ಸಲುವಾಗಿ ಜೋರಾಗಿ ಮಾತಾಡಿ ಮಾತಾಡಿ ಅಮ್ಮನ ಗಂಟಲು ಹಾಗೆಯೇ ಗಟ್ಟಿಯಾಗಿ ನಿಂತುಬಿಟ್ಟಿತ್ತು. ನಮ್ಮ ಮನೆಯಲ್ಲಿ ಇವತ್ತು ಹುಳಿಗೆ ಏನು ತರಕಾರಿ, ಅಪ್ಪನಿಗೆ ಯಾವ ಮೇಲಧಿಕಾರಿಯ ಮೇಲೆ ಸಿಟ್ಟು, ಎಲ್ಲವೂ ಮೇಲಿನ ಮಹಡಿಯವರಿಗೂ ಗೊತ್ತಿರುತ್ತಿತ್ತು. ಅಪ್ಪ ಅಮ್ಮನಿಗೆ ತದ್ವಿರುದ್ಧ. ಅವರು ಪಿಸುಮಾತಿನ ಮನುಷ್ಯ. ಬ್ಯಾಂಕಿನವರಿಗೆ ಸೀನುವುದಕ್ಕೂ ಮೇಲಿನಿಂದ ಅಪ್ಪಣೆ ಬೇಕು ಎಂದು ಅವರೇ ಹೇಳುತ್ತಿದ್ದರು, ಮತ್ತು ಅದನ್ನು ನಂಬಿದ್ದರು ಕೂಡ.

ನಾಲ್ಕನೇ ಕ್ಲಾಸಿನವರೆಗೆ ನನಗೆ ಯಾವ ತೊಂದರೆಯೂ ಆಗಲಿಲ್ಲ. ಟೀಚರು ನನ್ನನ್ನು ಮೊದಲ ಬೆಂಚಿನಲ್ಲಿ ಕೂರಿಸಿಕೊಂಡು, ನನ್ನ ಕಡೆಗೆ ಮುಖ ಮಾಡಿ ಪಾಠ ಮಾಡುತ್ತಿದ್ದರು. ಐದನೆಯದಕ್ಕೆ ಬರುವ ಹೊತ್ತಿಗೆ ಶಾಲೆಗೆ ಹೊಸ ಹೆಡ್‌ಮಿಸ್ಟ್ರೆಸ್ ಬಂದರು. ಅವರಿಗೆ ಶಿಸ್ತು ಎಂದರೆ ಪ್ರಾಣ. ಮಕ್ಕಳು ಎತ್ತರದ ಪ್ರಕಾರ ಕೂರಬೇಕು ಎಂದು ಅವರು ಹೇಳಿದರು. ನಾನು ವಯಸ್ಸಿಗೆ ಮೀರಿ ಉದ್ದ ಬೆಳೆದಿದ್ದೆ. ಕೊನೆಯ ಬೆಂಚು ಸಿಕ್ಕಿತು.

ಕೊನೆಯ ಬೆಂಚಿನಿಂದ ಟೀಚರ ತುಟಿ ಒಂದು ಕೆಂಪು ಗೀಟಿನಂತೆ ಕಾಣುತ್ತಿತ್ತು. ಅವರು ಬೋರ್ಡಿನ ಕಡೆ ತಿರುಗಿದರೆ ಅದೂ ಇಲ್ಲ. ನಾನು ಪಕ್ಕದವಳ ಪುಸ್ತಕ ನೋಡಿ ಬರೆದೆ, ಅದಕ್ಕೆ ಬೈಸಿಕೊಂಡೆ. ಡಿಕ್ಟೇಷನ್ನಿನಲ್ಲಿ ಸೊನ್ನೆ ಬಂತು. ಎಲ್ಲದಕ್ಕೂ ತಲೆಯಾಡಿಸುವುದನ್ನು ಕಲಿತೆ. ತಲೆಯಾಡಿಸಿದರೆ ಜನ ಮುಂದಕ್ಕೆ ಹೋಗುತ್ತಾರೆ, ನಿಮ್ಮನ್ನು ಬಿಟ್ಟುಬಿಡುತ್ತಾರೆ. ಕೆಲವು ತಿಂಗಳಾದ ಮೇಲೆ ಹೆಡ್‌ಮಿಸ್ಟ್ರೆಸ್ ಅಮ್ಮನನ್ನು ಕರೆಸಿದರು. ಇವಳಿಗೆ ಈ ಶಾಲೆ ಸರಿಹೋಗುವುದಿಲ್ಲ, ಪರೇಲ್‌ನಲ್ಲಿ ಕಿವುಡ ಮಕ್ಕಳ ಶಾಲೆಯಿದೆ, ವರ್ಷ ಮುಗಿದ ಮೇಲೆ ಅಲ್ಲಿಗೆ ಸೇರಿಸಿ ಎಂದರು.

ಅಮ್ಮ ಹಟಮಾರಿಯಾದರೂ ಮೊದಲು ನೋಡದೆ ಜಗಳಕ್ಕೆ ಹೋಗುವವಳಲ್ಲ. ಮರುದಿನವೇ ನನ್ನನ್ನು ಪರೇಲ್‌ಗೆ ಕರೆದುಕೊಂಡು ಹೋದಳು. ಅಲ್ಲಿನ ಮುಖ್ಯ ಅಧ್ಯಾಪಕಿ ನರೆಗೂದಲಿನ ಮರಾಠಿ ಹೆಂಗಸು. ನನ್ನೆದುರು ಕೂತು ಮಾತಾಡಿಸಿದರು, ಬಾಯಿಗೆ ರಟ್ಟು ಅಡ್ಡ ಹಿಡಿದು ಮಾತಾಡಿಸಿದರು, ಒಂದು ಕಥೆ ಓದಿಸಿ ಪ್ರಶ್ನೆ ಕೇಳಿದರು. ಕೊನೆಗೆ ಅಮ್ಮನಿಗೆ ಹೇಳಿದರು: ನಮ್ಮಲ್ಲಿಗೆ ಬರುವ ಮಕ್ಕಳಿಗೆ ಇನ್ನೂ ಭಾಷೆಯೇ ಸಿಕ್ಕಿರುವುದಿಲ್ಲ, ಅದನ್ನು ಕೊಡುವುದು ನಮ್ಮ ಕೆಲಸ. ನಿಮ್ಮ ಮಗಳು ಆಗಲೇ ಮೂರು ನಾಲ್ಕು ಭಾಷೆ ಇಟ್ಟುಕೊಂಡು ಓಡಾಡುತ್ತಿದ್ದಾಳೆ. ಇವಳಿಗೆ ಬೇಕಾದದ್ದು ಮುಂದಿನ ಬೆಂಚು, ಟೀಚರ ಮುಖ, ಬೋರ್ಡಿನ ಮೇಲೆ ಬರೆದ ಹೋಮ್‌ವರ್ಕು. ಅಷ್ಟೇ.

ಅದನ್ನು ಕೊಡಲೇಬೇಕು ಅಂತ ಕಾನೂನು ಇದೆಯಾ ಎಂದು ಅಮ್ಮ ಕೇಳಿದಳು. ಸರಕಾರದ ಯೋಜನೆ ಇದೆ, ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸಬೇಕು ಎಂಬ ಮಾತೂ ಇದೆ, ಆದರೆ ಓದಿಸದಿದ್ದರೆ ಕೇಳುವ ಕಾನೂನು ಇಲ್ಲ ಎಂದರು ಅವರು. ಅಮ್ಮ ಎದ್ದು ನಿಂತು ನಮಸ್ಕಾರ ಮಾಡಿ, 'ಹಾಗಾದ್ರೆ ನಾನೇ ಕೇಳ್ತೀನಿ' ಎಂದು ಕನ್ನಡದಲ್ಲಿ ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ, ನನಗೆ ಆಯಿತು.

ಮೊದಲು ಕೇಳಿದ್ದು ಪೋಷಕರ ಸಭೆಯಲ್ಲಿ. ಅಮ್ಮ ಮೈಕಿನ ಮುಂದೆ ಹೋಗಿ ತನ್ನ ಮೈಸೂರು ಇಂಗ್ಲಿಷಿನಲ್ಲಿ ಬೆಂಚಿನ ವಿಷಯ ಎತ್ತಿದ್ದೇ ತಡ, ಇದು ಇವತ್ತಿನ ಅಜೆಂಡಾದಲ್ಲಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಮೈಕ್ ಆಫ್ ಮಾಡಿಸಿದರು. ಪಾಪ, ಅವರಿಗೆ ಅಮ್ಮನ ಗಂಟಲಿನ ಪರಿಚಯ ಇರಲಿಲ್ಲ. ಮೈಕ್ ಇದ್ದಾಗಿನದಕ್ಕಿಂತ ಆಮೇಲೆಯೇ ಹೆಚ್ಚು ಸ್ಪಷ್ಟವಾಗಿ ಕೇಳಿಸಿತು ಎಂದು, ಅಮ್ಮನ ಜೊತೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಕೂ ಬಿಲ್ಡಿಂಗಿನಲ್ಲೆಲ್ಲ ಹೇಳಿಕೊಂಡು ಬಂದರು. ಆದರೆ ಸಭೆ ಮುಗಿಸಿಬಿಟ್ಟರು. ಜನ ಟೀ ಕುಡಿದು ಮನೆಗೆ ಹೋದರು. ಏನೂ ಬದಲಾಗಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಅಮ್ಮ ನನ್ನ ಹಳೆಯ ಸ್ಲೇಟನ್ನು ಅಟ್ಟದಿಂದ ಇಳಿಸಿದಳು. ಒಂದು ಕಡೆ ಇಂಗ್ಲಿಷಿನಲ್ಲಿ, ಇನ್ನೊಂದು ಕಡೆ ಮರಾಠಿಯಲ್ಲಿ ಬರೆದಳು: 'ನನ್ನ ಮಗಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಅವಳಿಗೆ ಮೊದಲ ಬೆಂಚು ಬೇಕು. ಶಾಲೆ ಕೊನೆಯ ಬೆಂಚು ಕೊಟ್ಟಿದೆ.' ಮರಾಠಿಯ ಕಾಗುಣಿತವನ್ನು ಕಾಕೂ ತಿದ್ದಿಕೊಟ್ಟರು. ನನ್ನನ್ನು ಒಳಗೆ ಬಿಟ್ಟು, ಶಾಲೆಯ ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಅಮ್ಮ ಸ್ಲೇಟನ್ನು ಎದೆಗೆ ಹಿಡಿದು ನಿಂತಳು. ಗಂಟೆ ಹೊಡೆದ ಮೇಲೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಮರುದಿನ ಮತ್ತೆ ನಿಂತಳು. ಅಪ್ಪ ಸ್ಟೇಷನ್ನಿಗೆ ಹೋಗುವ ದಾರಿ ಅದೇ. ಅವರು ಎದುರುಬದಿಯ ಫುಟ್‌ಪಾತಿಗೆ ದಾಟಿ, ಬಿಸಿಲಿಗೋ ಎಂಬಂತೆ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದು ಹೋಗುತ್ತಿದ್ದರು. ಅಷ್ಟು ಬೆಳಿಗ್ಗೆ ದಾದರಿನಲ್ಲಿ ಬಿಸಿಲಿಗೆ ಕೊಡೆ ಹಿಡಿದ ಗಂಡಸು ಅವರೊಬ್ಬರೇ ಆದ್ದರಿಂದ ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಶಾಲೆಯವರು ಪೊಲೀಸರಿಗೆ ಹೇಳಿದರು. ಒಬ್ಬ ಹವಾಲ್ದಾರ್ ಬಂದರು. ಇದನ್ನು ನಾನು ಗೇಟಿನ ಒಳಗಿನಿಂದ ಕಣ್ಣಾರೆ ನೋಡಿದೆ, ಹವಾಲ್ದಾರರಿಗೆ ಅದೃಷ್ಟವಶಾತ್ ಮೀಸೆ ತೆಳುವಾಗಿತ್ತು. ಅವರು ಸ್ಲೇಟಿನ ಮರಾಠಿಯನ್ನು ನಿಧಾನವಾಗಿ ಓದಿ, ಇಲ್ಲಿಂದ ಹೊರಡಬೇಕು ಎಂದರು. ಅಮ್ಮ ತನ್ನ ಹರುಕು ಮರಾಠಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

'ಫುಟ್‌ಪಾತ್ ಕೋಣಾಚಾ?'

ಫುಟ್‌ಪಾತು ಯಾರದ್ದು ಎಂಬ ಆ ಪ್ರಶ್ನೆಗೆ ಹವಾಲ್ದಾರರು ಟೋಪಿ ಸರಿಮಾಡಿಕೊಂಡು ಯೋಚಿಸಿದರು. 'ಮುನಿಸಿಪಾಲ್ಟೀಚಾ' ಎಂದು ಪ್ರಾಮಾಣಿಕವಾಗಿ ಉತ್ತರಿಸಿದರು. ಹಾಗಾದರೆ ಶಾಲೆಗೆ ಏನು ತೊಂದರೆ ಎಂದಳು ಅಮ್ಮ. ಅವರು ಗೇಟಿನಿಂದ ಒಂದು ಮಾರು ಆಚೆ ನಿಲ್ಲಿ, ಮಕ್ಕಳಿಗೆ ಒಳಗೆ ಹೋಗುವುದಕ್ಕೆ ಅಡ್ಡಿಯಾಗಬಾರದು ಎಂದಷ್ಟೇ ಹೇಳಿ ಹೋದರು. ಆಮೇಲೆ ದಿನವೂ ಆ ದಾರಿಯಲ್ಲಿ ಹೋಗುವಾಗ ಸ್ಲೇಟಿನಲ್ಲಿ ಹೊಸದೇನಾದರೂ ಬರೆದಿದೆಯೇ ಎಂದು ಕಣ್ಣಾಡಿಸುತ್ತಿದ್ದರು.

ಪೊಲೀಸರಿಂದ ಆಗದ್ದು ವಕೀಲರಿಂದ ಆಗಬಹುದು ಎಂದುಕೊಂಡು ಶಾಲೆಯವರು ನೋಟೀಸು ಕಳಿಸಿದರು. ಸಾರ್ವಜನಿಕವಾಗಿ ಶಾಲೆಯ ಮಾನಹಾನಿ ಮಾಡುತ್ತಿದ್ದೀರಿ, ನಿಲ್ಲಿಸದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂಬ ಒಕ್ಕಣೆ. ಅದನ್ನು ಓದಿ ಅಪ್ಪನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಮರುದಿನ ಮಧ್ಯಾಹ್ನ ಊಟಕ್ಕೆಂದು ಫೋರ್ಟಿನ ತಮ್ಮ ಮಾಮೂಲಿ ಉಡುಪಿ ಹೋಟೆಲಿಗೆ ಹೋದವರು ಅನ್ನ ಮುಟ್ಟದೆ ಕೂತಿದ್ದನ್ನು ನೋಡಿ ಗಲ್ಲಾದಲ್ಲಿ ಕೂತಿದ್ದ ಮಾಲೀಕರು ಕಾರಣ ವಿಚಾರಿಸಿದರಂತೆ. ಕೋರ್ಟಿನ ವಿಷಯ ಎಂದು ತಿಳಿದು, ಮೂಲೆಯ ಮೇಜಿನಲ್ಲಿ ಮೊಸರುವಡೆ ತಿನ್ನುತ್ತಿದ್ದ ಧಾರವಾಡದ ವಕೀಲೆಯನ್ನು ತೋರಿಸಿದರಂತೆ.

ಆ ಶನಿವಾರ ಅಪ್ಪ ನಮ್ಮಿಬ್ಬರನ್ನೂ ಅದೇ ಮೇಜಿಗೆ ಕರೆದುಕೊಂಡು ಹೋದರು. ವಕೀಲೆಗೆ ಮೂವತ್ತು ಆಗಿತ್ತೋ ಇಲ್ಲವೋ. ದೊಡ್ಡ ವಕೀಲರೊಬ್ಬರ ಆಫೀಸಿನಲ್ಲಿ ಒಂದು ಮೂಲೆ ಸಿಕ್ಕಿತ್ತಂತೆ, ಕಕ್ಷಿದಾರರಿಗೆ ಕುರ್ಚಿ ಇರಲಿಲ್ಲವಂತೆ, ಹಾಗಾಗಿ ಅವರ ಕಚೇರಿ ನಡೆಯುತ್ತಿದ್ದದ್ದು ಉಡುಪಿ ಹೋಟೆಲಿನಲ್ಲಿ. ವಡೆ ಬಾಯಲ್ಲಿಟ್ಟುಕೊಂಡೇ ಅವರು ನನ್ನನ್ನು ಏನೋ ಕೇಳಿದರು. ನೀವು ಅಗಿಯುತ್ತಿದ್ದರೆ ನನಗೆ ಗೊತ್ತಾಗುವುದಿಲ್ಲ ಎಂದೆ. ಅವರು ಚಮಚ ಕೆಳಗಿಟ್ಟು, ನುಂಗಿ, ನೀರು ಕುಡಿದು, ಮತ್ತೆ ಮೊದಲಿನಿಂದ ಕೇಳಿದರು. ಆವತ್ತಿನಿಂದ ನನ್ನೆದುರು ಅವರು ಮಾತು ಮತ್ತು ವಡೆಯನ್ನು ಬೆರೆಸಿದ್ದು ನನಗೆ ನೆನಪಿಲ್ಲ.

ಸ್ಲೇಟಿನ ಮೇಲೆ ಬರೆದದ್ದರಲ್ಲಿ ಒಂದಾದರೂ ಸುಳ್ಳಿದೆಯೇ ಎಂದು ವಕೀಲೆ ಅಮ್ಮನನ್ನು ಕೇಳಿದರು. ಸುಳ್ಳಿಲ್ಲ, ಆದರೆ ಗುರುವಾರ ಸಿಟ್ಟು ಬಂದು 'ಕಲ್ಲು ಮನಸ್ಸಿನ ಹೆಡ್‌ಮಿಸ್ಟ್ರೆಸ್' ಅಂತ ಒಂದು ಸಾಲು ಸೇರಿಸಿದ್ದೇನೆ ಎಂದಳು ಅಮ್ಮ.

'ಅದನ್ನ ಅಳಸ್ರಿ' ಎಂದರು ವಕೀಲೆ. 'ಬೈಯೂದು ಬ್ಯಾರೆ, ಹೇಳೂದು ಬ್ಯಾರೆ. ಮನಸ್ಸು ಕಲ್ಲೋ ಬೆಣ್ಣಿಯೋ ನಾ ಕೋರ್ಟಿನ್ಯಾಗ ಸಿದ್ಧ ಮಾಡಲಿಕ್ಕೆ ಆಗೂದಿಲ್ಲ. ಹಿಂದಿನ ಬೆಂಚಿಗೆ ಹಾಕ್ಯಾರ ಅನ್ನೂದನ್ನ ಸಿದ್ಧ ಮಾಡಬಹುದು.'

ಸಂವಿಧಾನದ ಹತ್ತೊಂಬತ್ತನೇ ವಿಧಿಯ ಹೆಸರನ್ನು ನಾನು ಮೊದಲ ಬಾರಿ ಕಂಡದ್ದು ಆವತ್ತು, ಅವರ ತುಟಿಯ ಮೇಲೆ. ಮಾತಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಇನ್ನೊಬ್ಬರ ಮಾನ ಕಳೆಯುವ ಸುಳ್ಳಿಗೆ ಇಲ್ಲ ಎಂದು ಅವರು ವಿವರಿಸಿದರು. ನಡೆದದ್ದನ್ನು ನಡೆದಂತೆ ಬರೆದು, ಯಾರ ದಾರಿಗೂ ಅಡ್ಡ ಬರದೆ ನಿಂತರೆ ಹೆದರಬೇಕಾಗಿಲ್ಲ ಎಂದರು. ನೋಟೀಸಿಗೆ ಅವರು ಕಳಿಸಿದ ಉತ್ತರ ತೀರಾ ಚಿಕ್ಕದು: ಸ್ಲೇಟಿನಲ್ಲಿರುವ ಯಾವ ಮಾತು ಸುಳ್ಳು ಎಂಬುದನ್ನು ದಯವಿಟ್ಟು ತಿಳಿಸಿ, ಅದನ್ನು ತಕ್ಷಣ ಅಳಿಸಲಾಗುವುದು. ಅದಕ್ಕೆ ಮರು ಉತ್ತರ ಬರಲಿಲ್ಲ.

ಅದರ ಬದಲು ಒಂದು ರಾಜಿಯ ಪತ್ರ ಬಂತು. ಈ ವರ್ಷ ನನಗೆ ಮೊದಲ ಬೆಂಚು ಕೊಡುತ್ತಾರೆ, ಶಾಲೆಯಿಂದ ತೆಗೆಯುವ ಮಾತೂ ಇಲ್ಲ. ಆದರೆ ಅಪ್ಪ ಅಮ್ಮ ಇಬ್ಬರೂ ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕು: ಶಾಲೆಯ ಬಗ್ಗೆ ಇನ್ನು ಮುಂದೆ ಯಾರ ಬಳಿಯೂ, ಯಾವ ರೂಪದಲ್ಲೂ ಮಾತಾಡುವುದಿಲ್ಲ.

ಅಪ್ಪನಿಗೆ ಸ್ವರ್ಗವೇ ಸಿಕ್ಕಂತಾಯಿತು. ಬೆಂಚು ಬೇಕಿತ್ತು, ಸಿಕ್ಕಿತು, ಇನ್ನೇನು ಎಂದರು. ಅಮ್ಮ ಏನೂ ಹೇಳಲಿಲ್ಲ. ಸಂಜೆಯವರೆಗೂ ಹೇಳಲಿಲ್ಲ. ನಮ್ಮ ಮನೆಯಿಂದ ಸದ್ದಿಲ್ಲದ್ದನ್ನು ಗಮನಿಸಿ ಕಾಕೂ ಬಂದು, ಮೈ ಸರಿಯಿಲ್ಲವೇ, ಡಾಕ್ಟರನ್ನು ಕರೆಸಲೇ ಎಂದು ಕೇಳಿ ಹೋದರು. ಮಲಗುವ ಮೊದಲು ಅಮ್ಮ ನನ್ನೆದುರು ಕೂತು, ನಿನಗೇನು ಅನ್ನಿಸುತ್ತದೆ ಎಂದು ಕೇಳಿದಳು. ನನಗೆ ಬೆಂಚು ಬೇಕಾಗಿತ್ತು. ಆದರೆ ಇನ್ನೊಂದು ಚಿಂತೆಯೂ ಇತ್ತು.

'ಸೈನ್ ಮಾಡಿದ್ರೆ ನೀನು ಮನೇಲೂ ಅಪ್ಪನ ಥರ ಮೆತ್ತಗೆ ಮಾತಾಡ್ತೀಯಾ?' ಎಂದು ಕೇಳಿದೆ.

ಅಮ್ಮ ನಕ್ಕು ನನಗೆ ಹೊದಿಕೆ ಹೊದಿಸಿದಳು.

ಮರುದಿನ ಮತ್ತೆ ಉಡುಪಿ ಹೋಟೆಲು. ಅಪ್ಪ ಮುಚ್ಚಳಿಕೆಯನ್ನು ಮೇಜಿನ ಮೇಲೆ ಹರಡಿ ಪೆನ್ನಿನ ಕ್ಯಾಪು ತೆಗೆದಿಟ್ಟಿದ್ದರು. ವಕೀಲೆ ಅದನ್ನು ಓದಿದರು. ಸಹಿ ಹಾಕಬೇಡಿ ಎಂದು ಅವರು ಹೇಳಲಿಲ್ಲ. ಹಾಕದಿದ್ದರೆ ಶಾಲೆಯವರು ಮಗುವನ್ನು ಹೊರಗೆ ಹಾಕಬಹುದು, ಸರಕಾರದ ಅನುದಾನ ಪಡೆಯುವ ಶಾಲೆಯಾದ್ದರಿಂದ ಸಮಾನತೆಯ ಆಧಾರದ ಮೇಲೆ ಹೈಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು, ಆದರೆ ಅಷ್ಟರಲ್ಲಿ ಹುಡುಗಿಯ ಹತ್ತನೇ ಕ್ಲಾಸು ಮುಗಿದಿರುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಕಾಗದದ ಮೇಲೆ ಬೆರಳಿಟ್ಟರು.

'ಇಲ್ಲಿ ಈ ವರ್ಷ ಅಂತ ಬರದಾರ. ಮುಂದಿನ ವರ್ಷ ಮತ್ತ ಹಿಂದಿನ ಬೆಂಚಿಗೆ ಹಾಕಿದ್ರ ಏನ್ ಮಾಡ್ತೀರಿ? ಬೆಂಚು ನಿಮ್ಮ ಹಕ್ಕು ಅಂತ ಇವತ್ತಿನ ಕಾನೂನಿನ್ಯಾಗ ಎಲ್ಲೂ ಬರದಿಲ್ಲ. ಮಾತು ನಿಮ್ಮ ಹಕ್ಕು ಅಂತ ಬರದದ. ಬರದದ್ದನ್ನ ಕೊಟ್ಟು ಬರೀಲಾರದ್ದನ್ನ ತಗೋತೀರೇನು?'

ಅಪ್ಪ ಕಾಗದವನ್ನು ಹತ್ತಿರ ಎಳೆದುಕೊಂಡು ಮತ್ತೊಮ್ಮೆ ಓದಿದರು. ಬ್ಯಾಂಕಿನಲ್ಲಿ ಕಾಗದಗಳ ನಡುವೆಯೇ ಬದುಕಿದವರಿಗೆ ಅಲ್ಲಿದ್ದ 'ಈ ವರ್ಷ' ಎಂಬ ಪದ ಕಣ್ಣಿಗೆ ಬೀಳದೆ ಹೋಗಿತ್ತು. ಅವರು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಬಿಲ್ ತರಲು ಹೇಳಿದರು, ಅದೂ ಸ್ವಲ್ಪ ಜೋರಾಗಿ.

ಸಹಿಯಿಲ್ಲದ ಮುಚ್ಚಳಿಕೆ ವಾಪಸು ಹೋದ ಮೇಲೆ ಶಾಲೆಯ ಟ್ರಸ್ಟಿ ಎಲ್ಲರನ್ನೂ ಕರೆಸಿದರು. ಕಪ್ಪು ಕೋಟು ತೊಟ್ಟ ವಯಸ್ಸಾದ ಮನುಷ್ಯ. ಅವರ ಕೋಣೆಯಲ್ಲಿ ಟ್ರೋಫಿಗಳ ಕಪಾಟು, ಉದ್ದನೆಯ ಮೇಜು, ತಲೆಯ ಮೇಲೆ ಒಂದು ಪುರಾತನ ಫ್ಯಾನು. ಫ್ಯಾನಿನ ಗರಗರ ನನ್ನ ಪೆಟ್ಟಿಗೆಯ ಮೂಲಕ ಚಂಡಮಾರುತದಂತೆ ಕಿವಿಗೆ ನುಗ್ಗುತ್ತಿತ್ತು. ಒಂದು ಕಡೆ ಹೆಡ್‌ಮಿಸ್ಟ್ರೆಸ್ ಮತ್ತು ಶಾಲೆಯ ವಕೀಲರು, ಇನ್ನೊಂದು ಕಡೆ ನಾವು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಹಾರುತ್ತ ಹಾರುತ್ತ ಸುಸ್ತಾಗಿ, ಮಾತಾಡದೆ ಕೂತಿದ್ದ ಟ್ರಸ್ಟಿಯನ್ನು ನೋಡತೊಡಗಿದೆ.

ಅವರು ತಲೆಯಾಡಿಸುತ್ತಿದ್ದರು. ಹುಡುಗಿಗೆ ಪಾಠವೇ ಅರ್ಥವಾಗುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದಾಗ ತಲೆಯಾಡಿಸಿದರು. ಮುಂದೆ ಕೂರಿಸಿದರೆ ಎಲ್ಲವೂ ಅರ್ಥವಾಗುತ್ತದೆ ಎಂದು ನಮ್ಮ ವಕೀಲೆ ಹೇಳಿದಾಗ ಅದೇ ಥರ, ಅದೇ ವೇಗದಲ್ಲಿ ತಲೆಯಾಡಿಸಿದರು. ಮುಖದ ಮೇಲೆ ಒಂದು ಸಣ್ಣ ನಗು ಕೂಡ. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಬೆಂಚಿನಲ್ಲಿ ಕೂತು ನಾನು ದಿನವಿಡೀ ನಗುತ್ತಿದ್ದದ್ದು ಅದನ್ನೇ.

ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: 'ಸರ್, ನಿಮಗೂ ಕೇಳಿಸುತ್ತಿಲ್ಲ, ಅಲ್ಲವಾ?'

ಅಪ್ಪ ಕಣ್ಣು ಮುಚ್ಚಿಕೊಂಡರು. ಹೆಡ್‌ಮಿಸ್ಟ್ರೆಸ್ಸರ ಬಾಯಿ ತೆರೆದೇ ಇತ್ತು. ಟ್ರಸ್ಟಿ ನನ್ನ ಕಡೆ ಬಾಗಿ, ಏನಂದೆ ಎಂದರು. ನಾನು ಅವರೆದುರು ಹೋಗಿ ನಿಂತು, ಅಮ್ಮ ನನಗೆ ಹೇಳುವಂತೆ ನಿಧಾನವಾಗಿ, ಬಾಯಿ ಬಿಡಿಸಿ, ಅದನ್ನೇ ಮತ್ತೊಮ್ಮೆ ಹೇಳಿದೆ. ಅವರ ಕಿವಿ ಕೆಂಪಾಯಿತು. ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ ಫ್ಯಾನ್ ನಿಲ್ಲಿಸಲು ಹೇಳಿ, ಈಗ ಮೊದಲಿನಿಂದ ಶುರು ಮಾಡಿ, ಒಬ್ಬೊಬ್ಬರಾಗಿ, ನನ್ನ ಮುಖ ನೋಡಿ ಮಾತಾಡಿ ಎಂದರು.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಹಾಗಾಗಿ ಎಲ್ಲರೂ ನನ್ನ ಮುಖವನ್ನೂ ನೋಡಿ ಮಾತಾಡಿದಂತಾಯಿತು. ಅಂದು ಆ ಕೋಣೆಯಲ್ಲಿ ಹೇಳಿದ ಪ್ರತಿ ಮಾತೂ ನನಗೆ ಗೊತ್ತಾಯಿತು. ಹೆಡ್‌ಮಿಸ್ಟ್ರೆಸ್ ಹೇಳಿದ್ದೂ ಗೊತ್ತಾಯಿತು: ಬೆಂಚು ಬೆಂಚಿಗೂ ಮಕ್ಕಳು ಕಿಕ್ಕಿರಿದಿದ್ದಾರೆ, ಫಲಿತಾಂಶ ಕಡಿಮೆಯಾದರೆ ನನ್ನನ್ನು ಕೇಳುತ್ತೀರಿ, ಇವತ್ತು ಒಬ್ಬ ತಾಯಿಗೆ ಮಣಿದರೆ ನಾಳೆ ಎಲ್ಲ ತಾಯಂದಿರೂ ಸ್ಲೇಟು ಹಿಡಿದು ನಿಲ್ಲುತ್ತಾರೆ. ಹೇಳುವಾಗ ಅವರ ಗಲ್ಲ ಅದುರುತ್ತಿತ್ತು. ಅವರಿಗೆ ನನ್ನ ಮೇಲೆ ಸಿಟ್ಟಿಲ್ಲ, ಭಯವಿದೆ ಎಂದು ಆಗ ಹೊಳೆಯಿತು. ಇಷ್ಟು ದಿನ ದೂರದಿಂದ ನನಗೆ ಅವರ ಮುಖವೇ ಸರಿಯಾಗಿ ಕಂಡಿರಲಿಲ್ಲ.

ಟ್ರಸ್ಟಿ ಎಲ್ಲ ಕೇಳಿಸಿಕೊಂಡು, ಹುಡುಗಿ ಈ ಶಾಲೆಯಲ್ಲಿ ಇರುವಷ್ಟು ವರ್ಷವೂ ಮುಂದೆಯೇ ಕೂರಲಿ ಎಂದರು. ಉದ್ದವಾದಳೆಂದರೆ ಬದಿಯ ಸಾಲಿನಲ್ಲಿ ಕೂರಿಸಿ ಎಂದರು. ಮುಚ್ಚಳಿಕೆಯ ಮಾತು ಬಂತು. ಸಹಿ ಹಾಕದೆ ಹೊರಗೆ ಹೋಗಿ ಏನು ಹೇಳುತ್ತೀರಿ ಎಂದು ಅವರು ಅಮ್ಮನನ್ನು ಕೇಳಿದರು. 'ಕೊಟ್ಟರು ಅಂತ ಹೇಳ್ತೀನಿ' ಎಂದಳು ಅಮ್ಮ. ವಕೀಲೆ ಅದನ್ನು ಇಂಗ್ಲಿಷಿಗೆ ತಿರುಗಿಸಿದರು.

ಅಮ್ಮ ಮಾತು ಉಳಿಸಿಕೊಂಡಳು. ಮರುದಿನ ಬೆಳಿಗ್ಗೆ ಅದೇ ಫುಟ್‌ಪಾತಿನಲ್ಲಿ, ಗೇಟಿನಿಂದ ಒಂದು ಮಾರು ದೂರದಲ್ಲಿ ಸ್ಲೇಟು ಹಿಡಿದು ನಿಂತಳು: 'ಮೊದಲ ಬೆಂಚು ಕೊಟ್ಟರು. ಧನ್ಯವಾದ.' ಹವಾಲ್ದಾರರು ಸೈಕಲ್ಲಿನಿಂದ ಇಳಿದು ಓದಿದರು. ಅಪ್ಪ ಕೊಡೆಯಿಲ್ಲದೆ ಈ ಬದಿಯ ಫುಟ್‌ಪಾತಿನಲ್ಲೇ ಬಂದು, ಅಮ್ಮನ ಎದುರು ಒಂದು ಕ್ಷಣ ನಿಂತು, ಯಾರೋ ಪರಿಚಯದವರನ್ನು ಕಂಡಂತೆ ತಲೆ ಬಾಗಿಸಿ ಸ್ಟೇಷನ್ನಿಗೆ ಹೋದರು.

ಅಲ್ಲಿಗೆ ಎಲ್ಲವೂ ಸುಖವಾಯಿತು ಎಂದು ಹೇಳುವ ಹಾಗಿಲ್ಲ. ಮೊದಲ ಬೆಂಚು ಸಿಕ್ಕರೂ ಬೋರ್ಡಿನ ಜೊತೆಗೇ ಮಾತಾಡುವ ಟೀಚರುಗಳು ಇದ್ದೇ ಇದ್ದರು. ಏಳನೇ ಕ್ಲಾಸಿನ ಗಣಿತವನ್ನು ನಾನು ಟೀಚರ ಬೆನ್ನಿನಿಂದಲೇ ಕಲಿತೆ. ಹತ್ತನೆಯದರಲ್ಲಿ ಭಾಷೆಯ ಮೌಖಿಕ ಪರೀಕ್ಷೆಯನ್ನು ನನಗೆ ಬರವಣಿಗೆಯಲ್ಲಿ ಕೊಡಬೇಕು ಎಂದು ಕೇಳಲು ಅಪ್ಪನೇ ಪರೀಕ್ಷಾ ಬೋರ್ಡಿನ ಕಚೇರಿಗೆ ಓಡಾಡಿದರು. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರೆ ಬಾಗಿಲಲ್ಲೇ ಕೂತಿರುತ್ತಿದ್ದರಂತೆ. ಅನುಮತಿ ಬಂತು. ಪಾಸೂ ಆದೆ. ಫಲಿತಾಂಶದ ದಿನ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು ಪೇಡೆ ಕೊಟ್ಟರು, ಮುಖ ನೋಡಿ ಮಾತಾಡಿದರು.

ತೊಂಬತ್ತರ ಆಸುಪಾಸಿನಲ್ಲಿ ನಮ್ಮ ಬಿಲ್ಡಿಂಗಿನ ಪಕ್ಕದಲ್ಲಿ ಹೊಸ ಕಟ್ಟಡ ಏಳತೊಡಗಿತು. ಕೆಲಸಕ್ಕೆ ವಿಜಾಪುರದ ಕಡೆಯ ಕುಟುಂಬಗಳು ಬಂದು ತಗಡಿನ ಶೆಡ್ಡುಗಳಲ್ಲಿ ಇಳಿದುಕೊಂಡವು. ಕನ್ನಡ ಕೇಳಿಸಿದ ಮೇಲೆ ಅಮ್ಮನನ್ನು ತಡೆಯುವವರು ಯಾರು. ಒಂದು ವಾರದಲ್ಲಿ ಆ ಶೆಡ್ಡುಗಳ ಕಷ್ಟಸುಖವೆಲ್ಲ ನಮ್ಮ ಮನೆಯ ಕಷ್ಟಸುಖವಾಯಿತು. ಅಲ್ಲಿ ಗೋಡೆ ಕಟ್ಟುವ ಒಬ್ಬ ಗೌಂಡಿಗೆ ಎಂಟೊಂಬತ್ತು ವರ್ಷದ ಮಗಳು. ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಮಾತು ಬಂದಿರಲಿಲ್ಲ, ಶಾಲೆಯ ಮುಖ ಕಂಡಿರಲಿಲ್ಲ. ಆದರೆ ಅವಳು ಸುಮ್ಮನಿರುತ್ತಿದ್ದಳು ಎಂದುಕೊಳ್ಳಬೇಡಿ. ಕೈ, ಹುಬ್ಬು, ಭುಜ, ಎಲ್ಲವನ್ನೂ ಸೇರಿಸಿ ತಾಯಿಯ ಜೊತೆ ಜಗಳವಾಡುವಳು, ಮೇಸ್ತ್ರಿಯ ನಡಿಗೆಯನ್ನು ಮಾಡಿ ತೋರಿಸಿ ಇಡೀ ಶೆಡ್ಡನ್ನು ನಗಿಸುವಳು.

ಅಮ್ಮ ಅವಳನ್ನು ಕರೆದುಕೊಂಡು ಹೋದದ್ದು ಪರೇಲ್‌ನ ಆ ಕಿವುಡ ಮಕ್ಕಳ ಶಾಲೆಗೆ. ಕಾಕೂ ಛೇಡಿಸಿದರು: ನಿನ್ನ ಮಗಳನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ಬೀದಿಯಲ್ಲಿ ನಿಂತವಳು, ಇವಳನ್ನು ನೀನೇ ಕರೆದುಕೊಂಡು ಹೋಗುತ್ತೀಯಲ್ಲ. ಎಲ್ಲರಿಗೂ ಒಂದೇ ಸೈಜಿನ ಚಪ್ಪಲಿ ಕೊಟ್ಟರೆ ಅದು ಸಮಾನತೆಯಾ ಎಂದಳು ಅಮ್ಮ. ಅದೇ ಮುಖ್ಯ ಅಧ್ಯಾಪಕಿ ಹುಡುಗಿಯನ್ನು ತಕ್ಷಣ ಸೇರಿಸಿಕೊಂಡರು. ಆದರೆ ಅಲ್ಲೊಂದು ನಿಯಮವಿತ್ತು. ತರಗತಿಯಲ್ಲಿ ಕೈಸನ್ನೆ ಕೂಡದು. ಕೈಯಲ್ಲಿ ಮಾತಾಡಿದರೆ ಬಾಯಿಯ ಮಾತು ಬರುವುದಿಲ್ಲ ಎಂದು ಆ ಕಾಲದ ನಂಬಿಕೆ. ಮೊದಲ ವಾರ ಹುಡುಗಿ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದನ್ನು ಅಮ್ಮ ಕಿಟಕಿಯಿಂದ ನೋಡಿ ಬಂದಳು.

ಅಷ್ಟರಲ್ಲಿ ನಾನು ಕಾಲೇಜು ಸೇರಿದ್ದೆ, ಸಂಜೆ ಫೋರ್ಟಿನಲ್ಲಿ ವಕೀಲೆಯ ಹತ್ತಿರ ಟೈಪ್ ಮಾಡುತ್ತಿದ್ದೆ. ಅವರಿಗೀಗ ಸ್ವಂತ ಕೋಣೆ ಇತ್ತು, ಕಕ್ಷಿದಾರರಿಗೆ ಕುರ್ಚಿಯೂ ಇತ್ತು. ಕೈಯ ಮಾತು ಕಾನೂನಿನಲ್ಲಿ ಮಾತು ಹೌದೋ ಅಲ್ಲವೋ ಎಂದು ಕೇಳಿಕೊಂಡು ಬಾ ಎಂದು ಅಮ್ಮ ನನ್ನನ್ನು ಕಳಿಸಿದಳು. ವಕೀಲೆ ಕೆಲಸ ನಿಲ್ಲಿಸಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

'ಹತ್ತೊಂಬತ್ತನೇ ವಿಧಿಯಾಗ ಬಾಯಿ ಅಂತ ಎಲ್ಲೆ ಬರದಾರ?' ಎಂದರು. 'ಹೋಗಿ ನಿಮ್ಮವ್ವಗ ಹೇಳು.'

ಅಮ್ಮ ಈ ಮಾತನ್ನು ಪರೇಲ್‌ಗೆ ಹೊತ್ತುಕೊಂಡು ಹೋದಳು. ಈ ಸಲ ಸ್ಲೇಟು ಒಯ್ಯಲಿಲ್ಲ, ಏಕೆಂದರೆ ಆ ಅಧ್ಯಾಪಕಿಯ ಮೇಲೆ ಅವಳಿಗೆ ಗೌರವವಿತ್ತು. ಇಬ್ಬರೂ ಎದುರುಬದುರು ಕೂತು ವಾದ ಮಾಡಿದರು. ಅವರು ಸನ್ನೆಯಲ್ಲೇ ಉಳಿದುಬಿಟ್ಟ ಮಕ್ಕಳಿಗೆ ಕೆಲಸ ಸಿಗದ ಕಥೆ ಹೇಳಿದರು, ಅಮ್ಮ ತೊಡೆಯ ಕೆಳಗಿನ ಕೈಗಳ ಕಥೆ ಹೇಳಿದಳು. ಕೊನೆಗೆ ಅಧ್ಯಾಪಕಿ ಅರ್ಧ ಇಳಿದರು: ಆಟದ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ ಕೈ ತಡೆಯುವುದಿಲ್ಲ, ತರಗತಿಯಲ್ಲಿ ಮಾತ್ರ ಬೇಡ. ಅಮ್ಮನಿಗೆ ಅದು ಸಾಲಲಿಲ್ಲ. ಮುಂದೆ ಎಷ್ಟೋ ವರ್ಷ ಅವರಿಬ್ಬರೂ ಹಬ್ಬಕ್ಕೆ ಒಬ್ಬರಿಗೊಬ್ಬರು ತಿಂಡಿ ಕಳಿಸಿಕೊಂಡರು, ಆ ವಾದವನ್ನೂ ಬಿಡಲಿಲ್ಲ.

ಕಟ್ಟಡ ಮುಗಿದ ಮೇಲೆ ಗೌಂಡಿಯ ಕುಟುಂಬ ಭಾಂಡುಪ್ ಕಡೆಗೆ ಹೋಯಿತು. ಹುಡುಗಿ ಶಾಲೆ ಬಿಡಲಿಲ್ಲ. ತಾಯಿಯ ಜೊತೆ ಲೋಕಲ್ ರೈಲಿನಲ್ಲಿ ಬರುತ್ತಿದ್ದಳು. ಶನಿವಾರ ನಾನು ಆ ಶಾಲೆಯ ಚಿಕ್ಕ ಮಕ್ಕಳಿಗೆ ಓದಿಸಲು ಹೋಗುತ್ತಿದ್ದೆ. ಮುಗಿದ ಮೇಲೆ ಇಬ್ಬರೂ ಪರೇಲ್ ಸ್ಟೇಷನ್ನಿಗೆ ಬರುತ್ತಿದ್ದೆವು. ಅವಳದ್ದು ಒಂದು ಪ್ಲಾಟ್‌ಫಾರ್ಮು, ಫೋರ್ಟ್ ಕಡೆ ಹೋಗುವ ನನ್ನದು ಎದುರಿನದು. ಅಷ್ಟರಲ್ಲಿ ಅವಳ ಕೈಭಾಷೆ ನನಗೂ ತಕ್ಕಮಟ್ಟಿಗೆ ಬಂದಿತ್ತು. ಅವಳೇ ಕಲಿಸಿದ್ದು, ತಪ್ಪು ಮಾಡಿದರೆ ನನ್ನ ಬೆರಳನ್ನು ಹಿಡಿದು ತಿದ್ದುತ್ತಿದ್ದಳು.

ಒಂದು ಶನಿವಾರ, ಗದ್ದಲದ ಹೊತ್ತು. ಧ್ವನಿವರ್ಧಕದಲ್ಲಿ ಯಾರಿಗೂ ತಿಳಿಯದ ಏನೋ ಘೋಷಣೆ. ನನ್ನ ಪಕ್ಕದಲ್ಲಿ ಒಬ್ಬರು ಎದುರಿನ ಪ್ಲಾಟ್‌ಫಾರ್ಮಿನಲ್ಲಿದ್ದ ತಮ್ಮವರಿಗೆ ಏನೋ ಹೇಳಬೇಕೆಂದು ಕೈಗಳನ್ನು ಬಾಯಿಗೆ ಕಹಳೆಯಂತೆ ಹಿಡಿದು ಕೂಗಿ ಕೂಗಿ ಸೋತಿದ್ದರು. ಹುಡುಗಿ ಹಳಿಗಳ ಆಚೆ ನಿಂತು, ಆವತ್ತು ಬಾಯಿಂದ ಹೊಸ ಪದವೊಂದನ್ನು ಹೇಳಿದ್ದಕ್ಕೆ ಟೀಚರು ಚಪ್ಪಾಳೆ ತಟ್ಟಿದ್ದನ್ನೂ, ಆ ಪದ ತನಗೆ ಇಷ್ಟವಾಗದಿದ್ದದ್ದನ್ನೂ, ಮನೆಯಲ್ಲಿ ನಾಯಿ ಮರಿ ಹಾಕಿದ್ದನ್ನೂ ವಿವರವಾಗಿ ಹೇಳಿದಳು. ಎಷ್ಟು ಮರಿ ಎಂದು ನಾನು ಕೇಳಿದೆ. ಅವಳು ಬೆರಳೆತ್ತುವಷ್ಟರಲ್ಲಿ ನಡುವೆ ಲೋಕಲ್ ಬಂತು. ಕಿಟಕಿಗಳ ಸರಳುಗಳ ಸಂದಿನಲ್ಲಿ, ಇಳಿಯುವ ಹತ್ತುವ ಜನರ ತಲೆಗಳ ಮೇಲೆ, ಅವಳ ಕೈಗಳು ಅಲ್ಲಲ್ಲಿ ಕಾಣಿಸುತ್ತಿದ್ದವು. ಅವಳು ಇನ್ನೂ ಹೇಳುತ್ತಲೇ ಇದ್ದಳು.